ಪುಟ್ಟ ಟ್ಯೂಬ್ ಆಂಪ್‌ಗೆ ಹೊಸ ಸ್ಪೀಕರ್: ನೀವೇ ಹಾಕಿಕೊಳ್ಳಿ

ಟ್ಯೂಬ್ ಆಂಪ್‌ನ, ಅಂದರೆ ಗಾಜಿನ ಟ್ಯೂಬ್‌ಗಳಿಂದ ಗಿಟಾರ್ ಸದ್ದು ಏರಿಸುವ ಆಂಪ್ಲಿಫೈಯರ್‌ನ, ಸದ್ದು ಹಿಡಿಸುತ್ತಿಲ್ಲ ಅನ್ನಿಸಿದ ಕೂಡಲೇ ಹೆಚ್ಚಿನ ಗಿಟಾರ್ ವಾದಕರು ಮೊದಲು ಟ್ಯೂಬ್ ಬದಲಾಯಿಸುತ್ತಾರೆ. ಆಮೇಲೆ ಒಂದೆರಡು ಪೆಡಲ್ (ಕಾಲಲ್ಲಿ ಒತ್ತಿ ಸದ್ದು ಬದಲಿಸುವ ಡಬ್ಬಿ) ಕೊಳ್ಳುತ್ತಾರೆ. ಸ್ಪೀಕರ್ ಕಡೆ ತಿರುಗಿಯೂ ನೋಡುವುದಿಲ್ಲ. ನನ್ನ ಪ್ರಕಾರ ಈ ಕ್ರಮವೇ ಉಲ್ಟಾ. ಟ್ಯೂಬ್ ಬದಲಿಸಿದಾಗ ಬರುವ ವ್ಯತ್ಯಾಸವನ್ನು ಕಿವಿಗೊಟ್ಟು ಹುಡುಕಬೇಕು. ಸ್ಪೀಕರ್ ಬದಲಿಸಿದರೆ ಪಕ್ಕದ ಕೋಣೆಯಲ್ಲಿ ಕೂತವರಿಗೂ ಗೊತ್ತಾಗುತ್ತದೆ. ಸರ್ಕ್ಯೂಟ್‌ಗೆ ಕೈ ಹಾಕದೆ ಇಷ್ಟು ದೊಡ್ಡ ಬದಲಾವಣೆ ಮಾಡುವುದಕ್ಕೆ ಬೇರೆ ದಾರಿ ಇಲ್ಲ.

ಉದಾಹರಣೆಗೆ ಫೆಂಡರ್ ಬ್ಲೂಸ್ ಜೂನಿಯರ್ ಇಟ್ಟುಕೊಳ್ಳೋಣ, ತುಂಬಾ ಜನರ ಹತ್ತಿರ ಇರುವ ಆಂಪ್ ಅದು. 15 ವ್ಯಾಟ್, ಎರಡು ಇಎಲ್84 ಪವರ್ ಟ್ಯೂಬ್, ಮೂರು 12ಎಎಕ್ಸ್7 ಅನ್ನುವ ಟ್ಯೂಬ್, 12 ಇಂಚಿನ ಒಂದೇ ಸ್ಪೀಕರ್, 8 ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆಯೇ ಓಮ್). ನಿಮ್ಮದು ಚಾಂಪ್ ತರಹದ 5 ವ್ಯಾಟ್‌ನ ಪುಟಾಣಿ ಆಂಪ್ ಆದರೆ ಸ್ಪೀಕರ್ 8 ಇಂಚಿನದು, 4 ಓಮ್ ಇರುತ್ತದೆ. ಅಂಕಿ ಬೇರೆ, ಕೆಲಸ ಅದೇ.

ಮೊದಲು ಸ್ಪೀಕರ್ ಮೇಲೇ ತಪ್ಪಿದೆಯೇ ನೋಡಿ

ಆಂಪ್ ಬರ್ ಅಂತ ನಡುಗುವ ಸದ್ದು ಮಾಡಿದರೆ ಸ್ಪೀಕರ್ ಹರಿದಿದೆ ಅಂತ ತೀರ್ಮಾನ ಮಾಡಬೇಡಿ. ಹಿಂದಿನ ಹಲಗೆಯ ಸ್ಕ್ರೂ ಸಡಿಲವಾಗಿದ್ದರೂ, ಟ್ಯೂಬ್ ಒಳಗೆ ಏನಾದರೂ ಅಲುಗಾಡುತ್ತಿದ್ದರೂ ಹಾಗೇ ಕೇಳಿಸುತ್ತದೆ. ಆಂಪ್ ಆಫ್ ಮಾಡಿ, ಸ್ಪೀಕರ್ ಪ್ಲಗ್ ತೆಗೆದು, ಗೆಳೆಯರ ಹತ್ತಿರ ಇರುವ 8 ಓಮ್ ಕ್ಯಾಬಿನೆಟ್‌ಗೆ (ಬರೀ ಸ್ಪೀಕರ್ ಇರುವ ಪೆಟ್ಟಿಗೆ) ಜೋಡಿಸಿ ನುಡಿಸಿ ನೋಡಿ. ಹಲಗೆಯ ಸ್ಕ್ರೂ ಬಿಗಿಯಾಗಿದ್ದು, ಅಲ್ಲಿ ಸದ್ದು ಶುದ್ಧವಾಗಿದ್ದರೆ ಹೆಚ್ಚಾಗಿ ಸ್ಪೀಕರ್‌ದೇ ತೊಂದರೆ. ಅಲ್ಲೂ ಬರ್ ಅಂದರೆ ಹೊಸ ಸ್ಪೀಕರ್‌ಗೆ ಸುರಿಯುವ ದುಡ್ಡು ದಂಡ.

ಇನ್ನೊಂದು ಪರೀಕ್ಷೆಗೆ ಬೆರಳು ಸಾಕು. ಆಂಪ್ ಆಫ್ ಇರುವಾಗ ಹಿಂದಿನಿಂದ ಕೈ ಹಾಕಿ, ಕೋನ್‌ನ (ಅದುರಿ ಸದ್ದು ಮಾಡುವ ಬಟ್ಟಲಿನಂಥ ಭಾಗ) ಎರಡು ಬದಿಯಲ್ಲಿ ಬೆರಳ ತುದಿ ಇಟ್ಟು ಸಮನಾಗಿ, ತೀರಾ ಮೆತ್ತಗೆ, ಒಂದೆರಡು ಮಿಲಿಮೀಟರ್ ಮುಂದಕ್ಕೆ ತಳ್ಳಿ ಬಿಡಿ. ಸದ್ದಿಲ್ಲದೆ ಹೋಗಿ ಬರಬೇಕು. ಮರಳು ಉಜ್ಜಿದ ಹಾಗೆ ಕರಕರ ಅಂದರೆ ವಾಯ್ಸ್ ಕಾಯಿಲ್, ಅಂದರೆ ಕೋನ್‌ಗೆ ಅಂಟಿದ ತಂತಿ ಸುರುಳಿ, ಮ್ಯಾಗ್ನೆಟ್‌ನ ಸಂದಿಯಲ್ಲಿ ಉಜ್ಜುತ್ತಿದೆ. ಅಂಥ ಸ್ಪೀಕರ್ ಹೆಚ್ಚು ದಿನ ಬಾಳುವುದಿಲ್ಲ.

ಯಾವ ಸ್ಪೀಕರ್ ತಗೊಳ್ಳಬೇಕು?

ಓಮ್ ಲೆಕ್ಕದಲ್ಲಿ ರಾಜಿ ಬೇಡ. ಟ್ರಾನ್ಸಿಸ್ಟರ್ ಆಂಪ್‌ಗೆ ಓಮ್ ಜಾಸ್ತಿಯಾದರೆ ಸದ್ದು ಸ್ವಲ್ಪ ಕಮ್ಮಿಯಾಗುತ್ತದೆ, ಅಷ್ಟೇ. ಟ್ಯೂಬ್ ಆಂಪ್ ಹಾಗಲ್ಲ. ಅದರಲ್ಲಿ ಟ್ಯೂಬ್‌ಗಳಿಗೂ ಸ್ಪೀಕರ್‌ಗೂ ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂತಿರುತ್ತದೆ, ಸ್ಪೀಕರ್‌ನ ಓಮ್ ಎಷ್ಟೋ ಅದಕ್ಕೆ ತಕ್ಕ ಭಾರ ಟ್ಯೂಬ್‌ಗಳ ಮೇಲೆ ಬೀಳುತ್ತದೆ. ಓಮ್ ಕಮ್ಮಿಯಾದರೆ ಟ್ಯೂಬ್‌ಗಳು ಜಾಸ್ತಿ ಕರೆಂಟ್ ಎಳೆದು ಬೇಗ ಸವೆಯುತ್ತವೆ. ಜಾಸ್ತಿಯಾದರೆ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಏರುತ್ತದೆ. ಆಂಪ್ ಹಿಂದೆ 8 ಓಮ್ ಅಂತ ಬರೆದಿದ್ದರೆ 8 ಓಮ್‌ದೇ ತನ್ನಿ. ಹೆಸರಾಂತ ಮಾಡೆಲ್‌ಗಳಲ್ಲಿ ಹೆಚ್ಚಿನವು 8 ಮತ್ತು 16 ಓಮ್ ಎರಡರಲ್ಲೂ ಸಿಗುತ್ತವೆ, ಫೋಟೊ ನೋಡಿದರೆ ಎರಡೂ ಒಂದೇ. ಆರ್ಡರ್ ಮಾಡುವಾಗ ಆ ಅಂಕಿಯನ್ನು ಇನ್ನೊಂದು ಸಲ ಓದಿ.

ಆಮೇಲೆ ವ್ಯಾಟ್. ವಾಲ್ಯೂಮ್ ಪೂರ್ತಿ ಏರಿಸಿ ಡಿಸ್ಟಾರ್ಟ್ ಆಗುವ (ಸದ್ದು ಒಡೆಯುವ) ಟ್ಯೂಬ್ ಆಂಪ್ ಬರೆದಿದ್ದಕ್ಕಿಂತ ಜಾಸ್ತಿ ಪವರ್ ಕೊಡುತ್ತದೆ. ಹಾಗಾಗಿ 15 ವ್ಯಾಟ್ ಆಂಪ್‌ಗೆ 25 ವ್ಯಾಟ್‌ಗಿಂತ ಕಮ್ಮಿ ತಡೆಯುವ ಸ್ಪೀಕರ್ ಹಾಕಬೇಡಿ. ಸೆಲೆಸ್ಟಿಯನ್ ಬ್ಲೂ ಅನ್ನುವ ಸ್ಪೀಕರ್ ತುಂಬಾ ಚೆನ್ನಾಗಿದೆ, ಆದರೆ ಅದು ತಡೆಯುವುದೇ 15 ವ್ಯಾಟ್. ಬ್ಲೂಸ್ ಜೂನಿಯರ್ ಅನ್ನು ಜೋರಾಗಿ ನುಡಿಸುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಜನ ಅಷ್ಟಾಗಿ ನೋಡದ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಅಂಕಿ ಡೆಸಿಬಲ್. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಸದ್ದು ಅನ್ನುವ ಲೆಕ್ಕ ಇದು. 3 ಡೆಸಿಬಲ್ ಜಾಸ್ತಿ ಅಂದರೆ ಆಂಪ್‌ನ ಪವರ್ ಎರಡು ಪಟ್ಟು ಮಾಡಿದ ಹಾಗೆ. ಸೆಲೆಸ್ಟಿಯನ್ ಗ್ರೀನ್‌ಬ್ಯಾಕ್ 98 ಡೆಸಿಬಲ್, ಅದೇ ಕಂಪನಿಯ ‘ವಿಂಟೇಜ್ 30’ ಅನ್ನುವ ಮಾಡೆಲ್ 100 ಡೆಸಿಬಲ್, ಎಮಿನೆನ್ಸ್ ಕಂಪನಿಯ ಕ್ಯಾನಬಿಸ್ ರೆಕ್ಸ್ 102. ಡ್ರಮ್ಮರ್ ಜೊತೆ ನುಡಿಸುವಾಗ ನಿಮ್ಮ 15 ವ್ಯಾಟ್ ಸಾಲುತ್ತಿಲ್ಲವೇ? ಹೊಸ ಆಂಪ್ ಕೊಳ್ಳುವ ಮೊದಲು 100ರ ಮೇಲಿನ ಸ್ಪೀಕರ್ ನೋಡಿ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಗೋಡೆಯಾಚೆ ಅಜ್ಜಿ ಮಲಗಿದ್ದಾರೆ ಅಂದರೆ ಕಮ್ಮಿ ಡೆಸಿಬಲ್‌ನದೇ ವಾಸಿ, ಆಂಪ್‌ನ ವಾಲ್ಯೂಮ್ ಸ್ವಲ್ಪ ಮೇಲೆ ಏರಿಸಿ ಟ್ಯೂಬ್‌ನ ನಿಜವಾದ ರುಚಿ ನೋಡಬಹುದು.

ಸದ್ದಿನ ಬಣ್ಣದ ವಿಷಯದಲ್ಲಿ ಒಂದೇ ಮಾತು. ಈಗಿರುವ ಸ್ಪೀಕರ್‌ನಲ್ಲಿ ಏನು ಇಷ್ಟ ಇಲ್ಲ ಅಂತ ಮೊದಲು ಹೇಳಿಕೊಳ್ಳಿ. ಕಿವಿಗೆ ಚುಚ್ಚುವ ಹಾಗೆ ಚೂಪಾಗಿದ್ದರೆ ಕ್ಯಾನಬಿಸ್ ರೆಕ್ಸ್‌ನ ಹೆಂಪ್ (ಭಂಗಿ ಗಿಡದ ನಾರು) ಕೋನ್ ಅದನ್ನು ಮೆತ್ತಗೆ ಮಾಡುತ್ತದೆ. ಬ್ಯಾಂಡ್ ಮಧ್ಯೆ ಗಿಟಾರ್ ಕಳೆದುಹೋಗುತ್ತಿದ್ದರೆ ವಿಂಟೇಜ್ 30 ಮುಂದೆ ತರುತ್ತದೆ. ಆದರೆ ಬ್ಲೂಸ್ ಜೂನಿಯರ್‌ದು ಚಿಕ್ಕ ಪೆಟ್ಟಿಗೆ. ಡಬ್ಬಿಯೊಳಗಿಂದ ಬಂದ ಹಾಗಿರುವ ಆ ಸದ್ದು ಕಮ್ಮಿಯಾಗಬಹುದು, ಪೂರ್ತಿ ಹೋಗುವುದಿಲ್ಲ.

ಕೊಳ್ಳುವ ಮೊದಲು ಹಿಂದಿನಿಂದ ಟೇಪ್ ಹಿಡಿದು ಜಾಗ ಅಳೆಯಿರಿ. ದೊಡ್ಡ ಮ್ಯಾಗ್ನೆಟ್ ಟ್ಯೂಬ್‌ಗೋ ಟ್ರಾನ್ಸ್‌ಫಾರ್ಮರ್‌ಗೋ ತಾಗಬಾರದು. ತೂಕವನ್ನೂ ಗಮನಿಸಿ. ಗ್ರೀನ್‌ಬ್ಯಾಕ್ 3.6 ಕಿಲೋ, ವಿಂಟೇಜ್ 30 ಸುಮಾರು 4.7 ಕಿಲೋ. ಮೂರನೇ ಮಹಡಿಗೆ ಹೊತ್ತುಕೊಂಡು ಹೋಗುವಾಗ ಈ ಒಂದು ಕಿಲೋ ಗೊತ್ತಾಗುತ್ತದೆ.

ಕರೆಂಟಿನ ವಿಷಯ

ಆಂಪ್‌ನ ಸರ್ಕ್ಯೂಟ್ ಇರುವ ಲೋಹದ ಡಬ್ಬಿ, ಅಂದರೆ ಚಾಸಿ ಒಳಗೆ 300 ವೋಲ್ಟ್‌ಗಿಂತ ಜಾಸ್ತಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು, ಆ ಹೊಡೆತ ಪ್ರಾಣ ತೆಗೆಯಬಲ್ಲದು. ಸ್ಪೀಕರ್ ಬದಲಿಸಲು ಚಾಸಿ ಬಿಚ್ಚುವ ಅಗತ್ಯವೇ ಇಲ್ಲ. ಆದ್ದರಿಂದ ಬಿಚ್ಚಬೇಡಿ, ಕುತೂಹಲಕ್ಕೂ ಬೇಡ.

ಎರಡನೆಯದು, ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪ್ ಆನ್ ಮಾಡಲೇಬಾರದು. "ಸುಮ್ನೆ ಒಂದ್ಸಲ ಲೈಟ್ ಹತ್ತುತ್ತಾ ನೋಡೋಣ" ಅಂತಲೂ ಬೇಡ. ಭಾರ ಇಲ್ಲದಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ವಿಪರೀತ ಏರಿ ಒಳಗಿನ ಸುರುಳಿ ಸುಟ್ಟುಹೋಗಬಹುದು. ಅದನ್ನು ಬದಲಾಯಿಸುವ ಖರ್ಚು ಸ್ಪೀಕರ್‌ನ ಖರ್ಚಿಗೇನೂ ಕಮ್ಮಿ ಇರುವುದಿಲ್ಲ.

ಬಿಚ್ಚುವುದು

ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಅರ್ಧ ಗಂಟೆ ಬಿಡಿ. ಟ್ಯೂಬ್‌ಗಳು ಕೈ ಸುಡುವಷ್ಟು ಕಾದಿರುತ್ತವೆ. ಆಮೇಲೆ ಹಳೇ ಕಂಬಳಿ ಹಾಸಿ ಆಂಪ್ ಅನ್ನು ಮುಖ ಕೆಳಗೆ ಮಾಡಿ ಮಲಗಿಸಿ. ನಿಂತಿರುವಾಗಲೇ ನಟ್ ಬಿಚ್ಚಿದರೆ ಕೊನೆಯ ನಟ್ ಬಂದ ಕೂಡಲೇ ನಾಲ್ಕು ಕಿಲೋ ಸ್ಪೀಕರ್ ಜಾರಿ ಬೀಳುತ್ತದೆ. ಹಿಂದಿನ ಹಲಗೆ ಅಡ್ಡ ಬಂದರೆ ಅದರ ಸ್ಕ್ರೂ ತೆಗೆದು ಪಕ್ಕಕ್ಕಿಡಿ. ಟ್ಯೂಬ್‌ಗಳ ಮೇಲೆ ಒಂದು ದಪ್ಪ ಬಟ್ಟೆ ಹೊದಿಸಿದರೆ ಸ್ಪ್ಯಾನರ್ ಜಾರಿದರೂ ಗಾಜು ಉಳಿಯುತ್ತದೆ.

ವಯರ್ ತೆಗೆಯುವ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ, ಯಾವ ಬಣ್ಣ ಯಾವ ಟರ್ಮಿನಲ್‌ಗೆ (ಸ್ಪೀಕರ್‌ನಲ್ಲಿ ವಯರ್ ಸೇರುವ ಲೋಹದ ತುದಿ) ಅಂತ ಕಾಣುವ ಹಾಗೆ. ಕೆಲವು ಆಂಪ್‌ಗಳಲ್ಲಿ ತಳ್ಳಿ ಕೂರಿಸುವ ಕ್ಲಿಪ್ ಇರುತ್ತದೆ. ವಯರ್ ಹಿಡಿದು ಎಳೆಯದೆ ಕ್ಲಿಪ್ಪನ್ನೇ ಇಕ್ಕಳದಲ್ಲಿ ಹಿಡಿದು ಅಲ್ಲಾಡಿಸಿ ತೆಗೆಯಿರಿ. ಸೋಲ್ಡರ್ ಮಾಡಿದ್ದರೆ ಕೋನ್ ಮೇಲೆ ರಟ್ಟು ಮುಚ್ಚಿ ಕಾಯಿಸಿ. ಕರಗಿದ ಸೋಲ್ಡರ್‌ನ ಒಂದೇ ಹನಿ ಕಾಗದದ ಕೋನ್ ಹಾಳು ಮಾಡಬಹುದು.

ಈಗ ನಾಲ್ಕು ನಟ್. ಅಮೆರಿಕದ ಆಂಪ್‌ಗಳಲ್ಲಿ ಇವು ಇಂಚಿನ ಅಳತೆಯವು, ನಮ್ಮ ಮಿಲಿಮೀಟರ್ ಸ್ಪ್ಯಾನರ್ ಸರಿಯಾಗಿ ಕೂರದೆ ಮೂಲೆ ಸವೆಸಬಹುದು, ಹೊಂದುವ ಬಾಕ್ಸ್ ಸ್ಪ್ಯಾನರ್ ತಂದುಕೊಳ್ಳಿ. ಕಬ್ಬಿಣದ ಯಾವ ಉಪಕರಣವನ್ನೂ ಮ್ಯಾಗ್ನೆಟ್ ಹತ್ತಿರ ಸಡಿಲವಾಗಿ ಹಿಡಿಯಬೇಡಿ. ಅದು ಕೈಯಿಂದ ಕಸಿದುಕೊಳ್ಳುತ್ತದೆ, ಸ್ಕ್ರೂಡ್ರೈವರ್ ತುದಿ ನೇರ ಕೋನ್‌ಗೆ ಹೋಗುತ್ತದೆ. ಹೊಸ ಸ್ಪೀಕರ್‌ಗಳು ಮೊದಲ ದಿನವೇ ಹಾಳಾಗುವುದು ಹೆಚ್ಚಾಗಿ ಹೀಗೆ. ನಟ್ ತೆಗೆದ ಮೇಲೂ ಸ್ಪೀಕರ್ ಏಳದಿದ್ದರೆ ಅಂಚು ಹಲಗೆಗೆ ಅಂಟಿಕೊಂಡಿದೆ ಅಂತ ಅರ್ಥ. ಸ್ಪೀಕರ್‌ನ ಲೋಹದ ಚೌಕಟ್ಟು ಹಿಡಿದು ಮೆಲ್ಲಗೆ ತಿರುಗಿಸಿ, ಬಿಡುತ್ತದೆ.

ಕೂರಿಸುವುದು

ಪೆಟ್ಟಿಗೆಯಿಂದ ತೆಗೆದ ತಕ್ಷಣ ಹೊಸ ಸ್ಪೀಕರ್‌ಗೆ ಓಮ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ 8 ತೋರಿಸುವುದಿಲ್ಲ, 6ರಿಂದ 7ರ ನಡುವೆ ತೋರಿಸುತ್ತದೆ, ಅದು ಸರಿಯೇ. 12ರ ಮೇಲೆ ತೋರಿಸಿದರೆ 16 ಓಮ್‌ನದು ಬಂದಿದೆ, ವಾಪಸ್ ಕಳಿಸಿ.

ಟರ್ಮಿನಲ್‌ಗಳು ಹಳೆಯ ಸ್ಪೀಕರ್‌ನಲ್ಲಿ ಇದ್ದ ಕಡೆಗೇ ಬರುವ ಹಾಗೆ ತಿರುಗಿಸಿ ಇಳಿಸಿ, ಇಲ್ಲದಿದ್ದರೆ ವಯರ್ ಸಾಲುವುದಿಲ್ಲ. ನಾಲ್ಕೂ ನಟ್ ಮೊದಲು ಬರೀ ಬೆರಳಲ್ಲಿ ತಿರುಗಿಸಿ. ಆಮೇಲೆ ಎದುರುಬದುರಾಗಿ, ಒಂದಕ್ಕೆ ಅರ್ಧ ಸುತ್ತು, ಅದರ ಎದುರಿನದಕ್ಕೆ ಅರ್ಧ ಸುತ್ತು, ಹೀಗೆ ಬಿಗಿ ಮಾಡುತ್ತಾ ಹೋಗಿ. ಅಂಚಿನ ಗ್ಯಾಸ್ಕೆಟ್ (ಮೆತ್ತನೆಯ ಪಟ್ಟಿ) ಸ್ವಲ್ಪ ಒತ್ತಿದ ಹಾಗೆ ಕಂಡರೆ ಸಾಕು, ನಿಲ್ಲಿಸಿ. ಬಲ ಹಾಕಿ ಬಿಗಿದರೆ ಚೌಕಟ್ಟು ಸೊಟ್ಟಗಾಗಿ ಕಾಯಿಲ್ ಉಜ್ಜಲು ಶುರುವಾಗುತ್ತದೆ. ಬಿಗಿ ಮಾಡಿದ ಮೇಲೆ ಮತ್ತೆ ಆ ಬೆರಳ ಪರೀಕ್ಷೆ ಮಾಡಿ, ಕರಕರ ಅಂದರೆ ಎಲ್ಲಾ ನಟ್ ಸಡಿಲಿಸಿ ಮೊದಲಿಂದ ಶುರು ಮಾಡಿ.

ಪ್ಲಗ್‌ನ ತುದಿಯಿಂದ ಬರುವ ವಯರ್ ಪ್ಲಸ್‌ಗೆ, ಇನ್ನೊಂದು ಮೈನಸ್‌ಗೆ. ಒಂದೇ ಸ್ಪೀಕರ್ ಇರುವ ಆಂಪ್‌ನಲ್ಲಿ ಇದು ಅದಲುಬದಲಾದರೂ ಏನೂ ಹಾಳಾಗುವುದಿಲ್ಲ. ಕ್ಲಿಪ್ ಸಡಿಲವಾಗಿದ್ದರೆ ಮಾತ್ರ ಹಾಗೇ ಬಿಡಬೇಡಿ, ನುಡಿಸುವಾಗ ಕಳಚಿಕೊಂಡರೆ ಸ್ಪೀಕರ್ ಇಲ್ಲದೆ ಆಂಪ್ ಓಡಿದ ಹಾಗೆಯೇ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹೊಸ ಕ್ಲಿಪ್ ಕೆಲವೇ ರೂಪಾಯಿಗೆ ಸಿಗುತ್ತದೆ.

ಆನ್ ಮಾಡುವ ಮುಂಚೆ ಕೊನೆಯದಾಗಿ ಸ್ಪೀಕರ್ ಪ್ಲಗ್ಗನ್ನೇ ಅಳೆಯಿರಿ, ತುದಿಗೆ ಮಲ್ಟಿಮೀಟರ್‌ನ ಒಂದು ಕಡ್ಡಿ, ಬುಡಕ್ಕೆ ಇನ್ನೊಂದು. ಅದೇ 6–7 ಬರಬೇಕು, ಕಡ್ಡಿ ತಾಗಿಸಿದಾಗ ಸ್ಪೀಕರ್‌ನಿಂದ ಸಣ್ಣದಾಗಿ ಚಟ್ ಅಂತ ಕೇಳಿಸಲೂಬಹುದು. ಸೊನ್ನೆ ಬಂದರೆ ಎಲ್ಲೋ ಶಾರ್ಟ್ ಆಗಿದೆ, ಏನೂ ಬರದಿದ್ದರೆ ವಯರ್ ತಾಗುತ್ತಿಲ್ಲ. ಎರಡರಲ್ಲಿ ಯಾವುದಾದರೂ ಆನ್ ಮಾಡಬೇಡಿ. ಸರಿಯಿದ್ದರೆ ಪ್ಲಗ್ಗನ್ನು ಸ್ಪೀಕರ್ ಜ್ಯಾಕ್‌ಗೆ ಪೂರ್ತಿ ಒತ್ತಿ, ಹಿಂದಿನ ಹಲಗೆ ಕೂರಿಸಿ, ವಾಲ್ಯೂಮ್ ಸೊನ್ನೆಯಲ್ಲಿಟ್ಟು ಆನ್ ಮಾಡಿ.

ಮೊದಲ ದಿನದ ಸದ್ದು ಕೇಳಿ ಬೇಜಾರಾಗಬೇಡಿ. ಹೊಸ ಕೋನ್‌ನ ಅಂಚು ಬಿಗಿಯಾಗಿರುತ್ತದೆ, ಸದ್ದು ಸ್ವಲ್ಪ ಗಡುಸು. ಹದವಾದ ವಾಲ್ಯೂಮ್‌ನಲ್ಲಿ, ಕೆಳಗಿನ ತಂತಿಗಳ ಕಾರ್ಡ್‌ಗಳನ್ನು ಜಾಸ್ತಿ ಬಾರಿಸುತ್ತಾ ಕೆಲವು ವಾರ ನುಡಿಸಿದರೆ ಸಡಿಲವಾಗುತ್ತದೆ, ಅಷ್ಟರವರೆಗೆ ಚೆನ್ನಾಗಿದೆ-ಇಲ್ಲ ಅನ್ನುವ ತೀರ್ಪು ಬೇಡ. ಆಮೇಲೆ ಒಂದು ಸಲ ನಟ್‌ಗಳನ್ನು ಮುಟ್ಟಿ ನೋಡಿ, ಗ್ಯಾಸ್ಕೆಟ್ ಒತ್ತಿಕೊಂಡು ಅವು ಸ್ವಲ್ಪ ಸಡಿಲ ಬಿಟ್ಟಿರಬಹುದು. ಹಳೆಯ ಸ್ಪೀಕರ್ ಸರಿಯಾಗಿದ್ದರೆ ಹೊಸದರ ಪೆಟ್ಟಿಗೆಯಲ್ಲೇ ಹಾಕಿ, ಮೇಲೆ ಯಾವ ಆಂಪ್‌ನದು, ಎಷ್ಟು ಓಮ್ ಅಂತ ಬರೆದಿಡಿ. ಮುಂದೆ ಆಂಪ್ ಮಾರುವಾಗ ಕೊಳ್ಳುವವರು ಮೂಲ ಸ್ಪೀಕರ್ ಇದೆಯಾ ಅಂತ ಕೇಳುತ್ತಾರೆ.