ಅಗ್ಗದ ಪೆಟ್ಟಿಗೆಗಳಿಂದ ಕೂಡಿಸಿದ 726 ಕಾರ್ಡ್‌ಗಳು

ಅಮೆರಿಕದ ಟಾಪ್ಸ್ ಕಂಪನಿ 1979ರಲ್ಲಿ ಹೊರತಂದ, ಬೇಸ್‌ಬಾಲ್ ಆಟಗಾರರ ಚಿತ್ರಗಳಿರುವ ಕಾರ್ಡ್‌ಗಳ ಸೆಟ್‌ನಲ್ಲಿ 726 ಕಾರ್ಡ್‌ಗಳಿವೆ. ಪೂರ್ತಿ ಸೆಟ್ಟನ್ನೇ ಮಾರುವವರು ಇದ್ದೇ ಇದ್ದಾರೆ. ಹಣ ಕೊಟ್ಟರೆ ಒಂದು ವಾರದೊಳಗೆ ಅಂಚೆಯಲ್ಲಿ ಬಂದು ಬಿಡುತ್ತದೆ. ನಾನು ಆ ದಾರಿಯನ್ನು ಹಿಡಿಯಲಿಲ್ಲ. ಓಹಾಯೋ ರಾಜ್ಯದ ಆಕ್ರನ್ ಸುತ್ತಮುತ್ತ ನಡೆಯುವ ಕಾರ್ಡ್ ಶೋಗಳಲ್ಲಿ, ಅಂದರೆ ಕಾರ್ಡ್ ಮಾರಾಟದ ಮೇಳಗಳಲ್ಲಿ, ಕಾರ್ಡಿಗೆ ಹತ್ತು ಸೆಂಟಿನ, ಇಪ್ಪತ್ತೈದು ಸೆಂಟಿನ ಪೆಟ್ಟಿಗೆಗಳನ್ನು ಕೆದಕಿ, ನನ್ನಲ್ಲಿ ಹೆಚ್ಚಾಗಿದ್ದುದನ್ನು ಇತರರಿಗೆ ಕೊಟ್ಟು, ಅವರಲ್ಲಿ ಹೆಚ್ಚಾಗಿದ್ದುದನ್ನು ಪಡೆದು, ನಾಲ್ಕು ವರ್ಷಗಳಲ್ಲಿ ಇದನ್ನು ಒಂದೊಂದಾಗಿ ಕೂಡಿಸಿದೆ. ಆ ಕೆಲಸ ಹೇಗೆ ನಡೆಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ವರ್ಷವನ್ನೇ ಆರಿಸಿಕೊಳ್ಳಲು ಕಾರಣ ಥರ್ಮನ್ ಮನ್ಸನ್. ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದ ನಾಯಕರೂ ಕ್ಯಾಚರ್ (ಬ್ಯಾಟ್ ಮಾಡುವವರ ಹಿಂದೆ ಕುಳಿತು ಚೆಂಡು ಹಿಡಿಯುವವರು) ಆಗಿದ್ದವರೂ ಆದ ಅವರು ಬೆಳೆದದ್ದು ನಮ್ಮ ಪಕ್ಕದ ಕ್ಯಾಂಟನ್ ಊರಿನಲ್ಲಿ. 1979ರ ಆಗಸ್ಟ್ 2ರಂದು ಆಕ್ರನ್-ಕ್ಯಾಂಟನ್ ವಿಮಾನ ನಿಲ್ದಾಣದಲ್ಲಿ ತಮ್ಮ ಸ್ವಂತ ವಿಮಾನವನ್ನು ಇಳಿಸುವ ಅಭ್ಯಾಸ ಮಾಡುತ್ತಿದ್ದಾಗ ನಡೆದ ಅಪಘಾತದಲ್ಲಿ ಅವರು ತೀರಿಕೊಂಡರು. ಬೆಂಗಳೂರಿಗೆ ಹೋಗಿ ಬರುವಾಗಲೆಲ್ಲ ನಾನು ಬಳಸುವ ನಿಲ್ದಾಣ ಅದೇ. ಆ ವರ್ಷದ ಸೆಟ್‌ನಲ್ಲಿ ಅವರದು 310ನೆಯ ಕಾರ್ಡ್; ಮುಂದಿನ ವರ್ಷದ ಸೆಟ್‌ನಲ್ಲಿ ಅವರ ಕಾರ್ಡ್ ಇಲ್ಲ. ಇದು ತಿಳಿದ ಮೇಲೆ ಬೇರೆ ವರ್ಷದ ಕಡೆಗೆ ಮನಸ್ಸು ಹೋಗಲಿಲ್ಲ.

ಮೊದಲ ಕಂತು ಸಿಕ್ಕಿದ್ದು ನಮ್ಮ ಬೀದಿಯ ಒಂದು ಗ್ಯಾರೇಜ್ ಸೇಲ್‌ನಲ್ಲಿ. ಶೂ ಡಬ್ಬಿಯೊಂದರ ತುಂಬ ಆ ಕಾಲದ ಕಾರ್ಡ್‌ಗಳಿದ್ದವು. ಆಗ ಶಿವಮೊಗ್ಗದಿಂದ ಬಂದು ನಮ್ಮಲ್ಲಿ ಆರು ತಿಂಗಳು ಇದ್ದ ಅಮ್ಮ, ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ, ಕಾರ್ಡ್‌ಗಳ ಬೆನ್ನಿನ ಮೇಲಿರುವ ಸಂಖ್ಯೆಯನ್ನು ನೋಡಿ ನೂರು ನೂರರ ಗುಡ್ಡೆ ಮಾಡಿಕೊಟ್ಟರು. ಅವರಿಗೆ ಬೇಸ್‌ಬಾಲ್ ಗೊತ್ತಿಲ್ಲ, ಇಂಗ್ಲಿಷ್ ಓದಲು ಬರುವುದಿಲ್ಲ, ಆದರೆ ಮುಖಗಳನ್ನು ಮರೆಯುವವರಲ್ಲ. ಎರಡನೆಯ ದಿನ, "ನೋಡೋ, ಈ ದಪ್ಪ ಮೀಸೆಯವನು ಆಗಲೇ ಮೂರು ಸಲ ಬಂದ. ಇವನನ್ನೇ ಯಾಕೆ ಇಷ್ಟೊಂದು ಅಚ್ಚು ಹಾಕಿದ್ದಾರೆ?" ಎಂದು ಕೇಳಿದರು.

ಅಮ್ಮನ ಪ್ರಶ್ನೆಗೆ ನಿಜವಾದ ಉತ್ತರವೇ ಇತ್ತು. ಟಾಪ್ಸ್ ಕಂಪನಿ ಆಗ ಒಂದೊಂದು ದೊಡ್ಡ ಹಾಳೆಯಲ್ಲಿ 132 ಕಾರ್ಡ್‌ಗಳನ್ನು ಮುದ್ರಿಸಿ ಕತ್ತರಿಸುತ್ತಿತ್ತು. ಆರು ಹಾಳೆಗಳಿಗೆ 792 ಜಾಗಗಳಾದವು. ಸೆಟ್‌ನಲ್ಲಿ ಇದ್ದದ್ದು 726. ಉಳಿದ 66 ಜಾಗಗಳನ್ನು ತುಂಬಲು 66 ಕಾರ್ಡ್‌ಗಳನ್ನು ಎರಡೆರಡು ಸಲ ಮುದ್ರಿಸಿದರು. ಸಂಗ್ರಾಹಕರು ಇವನ್ನು ಡಬಲ್ ಪ್ರಿಂಟ್ ಎನ್ನುತ್ತಾರೆ. ಅಗ್ಗದ ಪೆಟ್ಟಿಗೆಯಲ್ಲಿ ಇವು ಕೈಗೆ ಹೆಚ್ಚಾಗಿ ಸಿಗುತ್ತವೆ, ಹಾಗಾಗಿ ವಿನಿಮಯದಲ್ಲಿ ಇವಕ್ಕೆ ಬೇಡಿಕೆ ಕಡಿಮೆ. ಆ 66 ಸಂಖ್ಯೆಗಳನ್ನು ನೋಟ್‌ಬುಕ್‌ನಲ್ಲಿ ಕೆಂಪು ಶಾಯಿಯಿಂದ ಗುರುತು ಮಾಡಿಕೊಂಡ ಮೇಲೆ ಅವಕ್ಕಾಗಿ ಹಣ ಕೊಡುವುದನ್ನು ನಿಲ್ಲಿಸಿದೆ. ಅವು ತಾವಾಗಿಯೇ ಬಂದವು.

ಶೋಗಳು ಚರ್ಚಿನ ಸಭಾಂಗಣದಲ್ಲೋ ಹೋಟೆಲಿನ ಹಾಲ್‌ನಲ್ಲೋ ನಡೆಯುತ್ತವೆ. ಬೆಲೆಬಾಳುವ ಕಾರ್ಡ್‌ಗಳು ಗಾಜಿನ ಪೆಟ್ಟಿಗೆಯೊಳಗೆ ದೀಪದ ಕೆಳಗಿರುತ್ತವೆ. ನನಗೆ ಬೇಕಾದ ಉದ್ದನೆಯ ರಟ್ಟಿನ ಪೆಟ್ಟಿಗೆಗಳು ಸಾಮಾನ್ಯವಾಗಿ ಮೇಜಿನ ಕೊನೆಯಲ್ಲಿ, ಕೆಲವೊಮ್ಮೆ ಮೇಜಿನ ಕೆಳಗೆ, ನೆಲದ ಮೇಲೆ ಇರುತ್ತವೆ. ಸಂಖ್ಯೆಯ ಕ್ರಮದಲ್ಲಿ ಜೋಡಿಸಿದ ಪೆಟ್ಟಿಗೆಯಾದರೆ ಪಟ್ಟಿ ಹಿಡಿದು ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಆದರೆ ಅದರಲ್ಲಿ ಒಳ್ಳೆಯದನ್ನು ಬೇರೆಯವರು ಆಗಲೇ ಆರಿಸಿರುತ್ತಾರೆ. ಕ್ರಮವಿಲ್ಲದ ಪೆಟ್ಟಿಗೆಯಲ್ಲಿ ಸಾವಿರಾರು ಕಾರ್ಡ್‌ಗಳನ್ನು ಬೆರಳಿನಿಂದ ಸರಿಸುತ್ತ ಹೋಗಬೇಕು. ತಾಳ್ಮೆ ಇರುವವರಿಗೆ ಲಾಭ ಅಲ್ಲಿಯೇ. 1979ರ ಕಾರ್ಡನ್ನು ಗುರುತಿಸಲು ಮುಂಭಾಗದ ಕೆಳ ಎಡ ಮೂಲೆಯಲ್ಲಿ ಚೆಂಡಿನೊಳಗೆ ಇರುವ ಟಾಪ್ಸ್ ಹೆಸರು ಸಾಕು. ಸಿಕ್ಕ ಕಾರ್ಡನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡುತ್ತೇನೆ, ಏಕೆಂದರೆ ನೇರವಾಗಿ ನೋಡಿದಾಗ ಕಾಣದ ಮಡಿಕೆ ಹಾಗೆ ಹಿಡಿದಾಗ ಗೆರೆಯಾಗಿ ಕಾಣುತ್ತದೆ. ಕಾರ್ಡ್‌ಗಳನ್ನು ಸುತ್ತಿ ಮಾರುತ್ತಿದ್ದ ಪ್ಯಾಕಿನ ಮೇಣದ ಕಾಗದ ಅಂಟಿ ಮುಂಭಾಗ ಮಂಕಾಗಿದ್ದರೆ ಬಿಡಬೇಕಾಗಿಲ್ಲ. ನೈಲಾನ್ ಕಾಲುಚೀಲದಿಂದ ಮೆಲ್ಲಗೆ ಉಜ್ಜಿದರೆ ಮೇಣ ಹೋಗುತ್ತದೆ. ಬೆನ್ನಿನ ಕಡೆ ಹೊಳಪಿನ ಲೇಪವಿಲ್ಲದ ಕಾರಣ ಅಲ್ಲಿ ಇಳಿದ ಮೇಣ ಮಾತ್ರ ಹಾಗೆಯೇ ಉಳಿಯುತ್ತದೆ. ಶೋ ಮುಗಿಯುವ ಹೊತ್ತಿಗೆ, ಭಾರದ ಪೆಟ್ಟಿಗೆಗಳನ್ನು ಮತ್ತೆ ಕಾರಿಗೆ ಹೊರಲು ಮನಸ್ಸಿಲ್ಲದ ವ್ಯಾಪಾರಿಗಳು ಹತ್ತು ಸೆಂಟಿನದನ್ನು ಐದಕ್ಕೂ ಕೊಡುವುದುಂಟು.

ಆದರೆ ಪೆಟ್ಟಿಗೆಗಳನ್ನು ಎಷ್ಟು ಕೆದಕಿದರೂ ಸೆಟ್ ಪೂರ್ತಿಯಾಗುವುದಿಲ್ಲ. ನನ್ನ ಲೆಕ್ಕ ಐನೂರು ದಾಟಿದ ಮೇಲೆ ಒಂದಿಡೀ ದಿನ ಹುಡುಕಿ ಎರಡೇ ಹೊಸ ಕಾರ್ಡ್‌ಗಳೊಂದಿಗೆ ಮನೆಗೆ ಬಂದದ್ದಿದೆ. ಆಗ ಒಬ್ಬ ಹಿರಿಯ ಸಂಗ್ರಾಹಕರು ತಮ್ಮ ಜೇಬಿನ ಪುಸ್ತಕವನ್ನು ತೆರೆದು ತೋರಿಸಿದರು. ಅದರಲ್ಲಿ ಅವರ ಪಟ್ಟಿಗಿಂತ ಹೆಚ್ಚಾಗಿ ಅವರ ಗೆಳೆಯರ ಪಟ್ಟಿಗಳಿದ್ದವು: ಒಬ್ಬರಿಗೆ ಎಡಗೈಯಲ್ಲಿ ಚೆಂಡೆಸೆಯುವ ಪಿಚರ್‌ಗಳು, ಇನ್ನೊಬ್ಬರಿಗೆ ಫ್ಲೀರ್ ಎಂಬ ಇನ್ನೊಂದು ಕಂಪನಿಯ 1983ರ ಸೆಟ್‌ನ ಕೊರತೆಗಳು. ನನಗೆ ಬೇಕಾದುದನ್ನು ಹುಡುಕುವಾಗಲೇ ಇನ್ನೊಬ್ಬರಿಗೆ ಬೇಕಾದುದನ್ನೂ ಹುಡುಕಬೇಕು ಎಂಬುದನ್ನು ನಾನು ಕಲಿತದ್ದು ಆ ಪುಸ್ತಕದಿಂದ. ಹತ್ತು ಸೆಂಟಿನ ಕಾರ್ಡ್ ನನ್ನ ಕೈಯಲ್ಲಿ ಹತ್ತೇ ಸೆಂಟು. ಅದೊಂದಕ್ಕಾಗಿ ಎರಡು ವರ್ಷದಿಂದ ಕಾಯುತ್ತಿರುವವರು ಅದಕ್ಕೆ ಪ್ರತಿಯಾಗಿ ತಮ್ಮಲ್ಲಿ ಎರಡೆರಡು ಇರುವ ಒಳ್ಳೆಯ ಕಾರ್ಡನ್ನೇ ಕೊಡುತ್ತಾರೆ.

ಸೆಟ್‌ನ ಅತ್ಯಂತ ದುಬಾರಿ ಕಾರ್ಡ್ ನನಗೆ ಬಂದದ್ದು ಹೀಗೆಯೇ. ಅದು 116ನೆಯದು, ಸ್ಯಾನ್ ಡಿಯಾಗೋ ಪಾಡ್ರೆಸ್ ತಂಡದಲ್ಲಿದ್ದಾಗಿನ ಓಜ಼ಿ ಸ್ಮಿತ್ ಅವರ ರೂಕಿ ಕಾರ್ಡ್, ಅಂದರೆ ಆಟಗಾರರಾಗಿ ಅವರ ಮೊದಲ ಕಾರ್ಡ್. ಆ ಹಿರಿಯರಲ್ಲಿ ಅದರ ಎರಡು ಪ್ರತಿಗಳಿದ್ದವು; ಒಂದರ ಮೂಲೆಗಳು ಸವೆದು ದುಂಡಾಗಿದ್ದವು, ಬಲಗಡೆ ಸಣ್ಣ ಮಡಿಕೆಯೂ ಇತ್ತು. ಅವರು ಮುಖ್ಯವಾಗಿ ಕ್ಲೀವ್‌ಲ್ಯಾಂಡ್ ತಂಡದ ಆಟಗಾರರ ಕಾರ್ಡ್‌ಗಳನ್ನು ಸಂಗ್ರಹಿಸುವವರು. ಹದಿನಾಲ್ಕು ತಿಂಗಳ ಕಾಲ ಎಪ್ಪತ್ತರ ದಶಕದ ಕ್ಲೀವ್‌ಲ್ಯಾಂಡ್ ಕಾರ್ಡ್‌ಗಳನ್ನು ಅವರ ಪಟ್ಟಿಗೆ ತಾಳೆ ನೋಡಿ ಅಗ್ಗದ ಪೆಟ್ಟಿಗೆಗಳಿಂದ ತೆಗೆದಿಟ್ಟೆ. ಅರವತ್ತೊಂದು ಕಾರ್ಡ್‌ಗಳಾದಾಗ ಮೇಜಿನ ಮೇಲೆ ಹರಡಿದೆ. ಅವರು ಒಂದೊಂದನ್ನೂ ಎತ್ತಿ ನೋಡಿ, ಪುಸ್ತಕದಲ್ಲಿ ಗುರುತು ಹಾಕಿ, ಕೊನೆಗೆ ಆ ಮಡಿಕೆಯ ಕಾರ್ಡನ್ನು ನನ್ನತ್ತ ಸರಿಸಿದರು. ಕಾರ್ಡ್‌ಗಳನ್ನು ಇಡುವ ಒಂಬತ್ತು ಜೇಬುಗಳ ಪ್ಲಾಸ್ಟಿಕ್ ಹಾಳೆಯಲ್ಲಿ 115ನೆಯ ನೋಲನ್ ರಯಾನ್ ಕಾರ್ಡಿನ ಪಕ್ಕದ ಜೇಬು ಮೂರು ವರ್ಷ ಖಾಲಿ ಇತ್ತು. ಅಂದು ರಾತ್ರಿ ಅದನ್ನು ತುಂಬಿದೆ.

ದೂರದವರೊಂದಿಗೆ ಅಂಚೆಯ ಮೂಲಕವೂ ವಿನಿಮಯ ನಡೆಸಿದ್ದೇನೆ. ಇಲ್ಲಿ ಅಂಚೆಯ ಖರ್ಚೇ ಕಾರ್ಡಿನ ಬೆಲೆಯನ್ನು ಮೀರಿಸುವುದರಿಂದ, ನಲವತ್ತು ಐವತ್ತು ಕಾರ್ಡ್‌ಗಳು ಸೇರುವ ತನಕ ಕಾಯುವುದು ಮೇಲು. ಮೊದಲ ಸಲ ಕಳುಹಿಸಿದಾಗ ಕಾರ್ಡ್‌ಗಳ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿದೆ. ಮೇಲಿನ ಮತ್ತು ಕೆಳಗಿನ ಕಾರ್ಡ್‌ಗಳ ಅಂಚು ಕಚ್ಚು ಬಿದ್ದಂತೆ ಒಳಗೆ ಹೋಗಿತ್ತು. ಪಡೆದವರು ದೂರಲಿಲ್ಲ, ಆದರೆ ಆ ಎರಡೂ ಕಾರ್ಡ್‌ಗಳನ್ನು ಮತ್ತೆ ಹುಡುಕಿ ಕಳುಹಿಸುವ ತನಕ ನನಗೆ ಸಮಾಧಾನವಿರಲಿಲ್ಲ. ಈಗ ಒಳ್ಳೆಯ ಕಾರ್ಡನ್ನು ತೆಳು ಪ್ಲಾಸ್ಟಿಕ್ಕಿನ ಪೆನ್ನಿ ಸ್ಲೀವ್‌ಗೆ ಹಾಕಿ, ಅದನ್ನು ಟಾಪ್‌ಲೋಡರ್ ಎಂಬ ಗಡಸು ಪ್ಲಾಸ್ಟಿಕ್ ಕವಚಕ್ಕೆ ಇಳಿಸಿ, ಬಾಯಿಗೆ ಪೇಂಟರ್‌ಗಳು ಬಳಸುವ ನೀಲಿ ಟೇಪ್ ಅಂಟಿಸುತ್ತೇನೆ. ಅದು ಕಲೆ ಉಳಿಸದೆ ಬಿಟ್ಟುಕೊಳ್ಳುತ್ತದೆ. ಒಮ್ಮೆ ನಾನು ಕಳುಹಿಸಿದ ಮೂವತ್ತು ಕಾರ್ಡ್‌ಗಳಿಗೆ ಪ್ರತಿಯಾಗಿ ಏನೂ ಬರಲಿಲ್ಲ, ಪತ್ರಕ್ಕೂ ಉತ್ತರವಿರಲಿಲ್ಲ. ಅಂದಿನಿಂದ ಹೊಸಬರೊಂದಿಗೆ ಮೊದಲ ವಿನಿಮಯವನ್ನು ಐದಾರು ಕಾರ್ಡ್‌ಗಳಿಗೇ ಸೀಮಿತಗೊಳಿಸಿದ್ದೇನೆ.

ಸ್ಥಿತಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಎಲ್ಲರಿಗೂ ಒಪ್ಪಿಗೆಯಾಗಲಾರದು. ಈ ಸೆಟ್‌ನಲ್ಲಿ ಚಿತ್ರ ನಡುವಿಗೆ ಬಾರದಂತೆ ಕತ್ತರಿಸಿದ ಕಾರ್ಡ್‌ಗಳು ಬಹಳ. ಅವನ್ನು ತಳ್ಳಿ ಹಾಕುತ್ತ ಹೋದರೆ ಸೆಟ್ ಮುಗಿಯುವುದಿಲ್ಲ. ಸೆಟ್‌ನ ಕಾರ್ಡ್‌ಗಳ ಪಟ್ಟಿ ಇರುವ ಚೆಕ್‌ಲಿಸ್ಟ್ ಕಾರ್ಡ್‌ಗಳ ಚೌಕಗಳಲ್ಲಿ ಅಂದಿನ ಮಕ್ಕಳು ಪೆನ್ಸಿಲಿನಿಂದ ಗುರುತು ಹಾಕಿರುತ್ತಾರೆ, ಆದ್ದರಿಂದ ಮಾರುಕಟ್ಟೆಯಲ್ಲಿ ಅವುಗಳ ಬೆಲೆ ಇಳಿಯುತ್ತದೆ. ನಾನು ಅಂಥವನ್ನೇ ಆರಿಸಿ ಇಟ್ಟುಕೊಂಡೆ. ನನ್ನ ಬಳಿಯ ಒಂದರಲ್ಲಿ ಎಲ್ಲ ಚೌಕಗಳಿಗೂ ಗುರುತು ಬಿದ್ದು ಒಂದೇ ಒಂದು ಖಾಲಿ ಉಳಿದಿದೆ. ಆ ಮಗುವಿಗೆ ಸಿಗದೆ ಹೋದ ಕಾರ್ಡ್ ನನ್ನ ಬೈಂಡರಿನಲ್ಲಿ ಈಗ ಅದರ ಹತ್ತಿರದಲ್ಲೇ ಇದೆ. ಮನ್ಸನ್ ಕಾರ್ಡನ್ನು ಮಾತ್ರ ಮೂಲೆಗಳು ಚೂಪಾಗಿರುವಂಥದ್ದೇ ಬೇಕೆಂದು ಮೂರು ಸಲ ಬದಲಾಯಿಸಿದೆ.

ಜೇಬಿನ ಹಾಳೆಗಳನ್ನು ಕೊಳ್ಳುವಾಗ ಹಳೆಯ, ವಾಸನೆ ಬರುವ ಪಿವಿಸಿ ಹಾಳೆಗಳನ್ನು ಮುಟ್ಟಬೇಡಿ. ವರ್ಷಗಳು ಕಳೆದಂತೆ ಅವು ಕಾರ್ಡಿಗೆ ಅಂಟಿಕೊಳ್ಳುತ್ತವೆ. ಪಾಲಿಪ್ರೊಪಿಲೀನ್ ಹಾಳೆಗಳು ಸುರಕ್ಷಿತ. 726 ಕಾರ್ಡ್‌ಗಳಿಗೆ 81 ಹಾಳೆಗಳು ಬೇಕು, ಕೊನೆಯ ಹಾಳೆಯಲ್ಲಿ ಮೂರು ಜೇಬುಗಳು ಖಾಲಿ ಉಳಿಯುತ್ತವೆ. 369ನೆಯ ಬಂಪ್ ವಿಲ್ಸ್ ಕಾರ್ಡನ್ನು ಟಾಪ್ಸ್ ಮೊದಲು ಟೊರಾಂಟೊ ಬ್ಲೂ ಜೇಸ್ ತಂಡದ ಹೆಸರಿನಲ್ಲಿ ಮುದ್ರಿಸಿ, ಆಮೇಲೆ ಅವರು ನಿಜವಾಗಿ ಆಡುತ್ತಿದ್ದ ಟೆಕ್ಸಾಸ್ ರೇಂಜರ್ಸ್ ಹೆಸರಿಗೆ ತಿದ್ದಿತ್ತು. ತಪ್ಪು ಮುದ್ರಣದ್ದು ಅದರ ಸಂಖ್ಯೆಯ ಜೇಬಿನಲ್ಲಿದೆ. ತಿದ್ದಿದ ಕಾರ್ಡ್ ಕಳೆದ ಚಳಿಗಾಲದಲ್ಲಿ ಇಪ್ಪತ್ತೈದು ಸೆಂಟಿನ ಪೆಟ್ಟಿಗೆಯಲ್ಲಿ ಸಿಕ್ಕಿತು. ಅದನ್ನು ಕೊನೆಯ ಹಾಳೆಯ ಮೂರು ಖಾಲಿ ಜೇಬುಗಳಲ್ಲಿ ಮೊದಲನೆಯದರಲ್ಲಿ ಇಟ್ಟಿದ್ದೇನೆ.