ಮೆಸೇಜ್ ಕಳಿಸಿ ಗೀಸರ್ ಹಾಕುವುದು: ಸಿಮ್ ಸಾಕೆಟ್ ಕೊಳ್ಳುವುದು, ಕೂರಿಸುವುದು, ನಂಬದಿರುವುದು

ಬೆಂಗಳೂರಿನಿಂದ ಬರುವಾಗ ಶ್ರೀರಂಗಪಟ್ಟಣದಲ್ಲಿ ಒಂದು ಮೆಸೇಜ್ ಹಾಕಿದರೆ ಸಾಕು, ಮೈಸೂರಿನ ಮನೆಯ ಬೀಗ ತೆಗೆಯುವ ಹೊತ್ತಿಗೆ ಸ್ನಾನದ ನೀರು ಕಾದಿರುತ್ತದೆ. ಲೆಕ್ಕ ಸರಿಯಾಗಿಯೇ ಕೂರುತ್ತದೆ: 15 ಲೀಟರಿನ, 2 ಕಿಲೋವ್ಯಾಟ್ ಗೀಸರ್ 22 ಡಿಗ್ರಿಯ ನೀರನ್ನು 55 ಡಿಗ್ರಿಗೆ ತರಲು 17–18 ನಿಮಿಷ ತೆಗೆದುಕೊಳ್ಳುತ್ತದೆ, 25 ಲೀಟರಿನದಾದರೆ ಅರ್ಧ ಗಂಟೆ. ಮದ್ದೂರಿನಲ್ಲೇ ಹಾಕಿದರೆ ದುಡ್ಡು ದಂಡ.

ಸಿಮ್ ಸಾಕೆಟ್ ಎಂದರೆ ಗೋಡೆಯ ಸಾಕೆಟ್ಟಿಗೂ ಉಪಕರಣದ ಪ್ಲಗ್ಗಿಗೂ ನಡುವೆ ಕೂರುವ ಒಂದು ಡಬ್ಬಿ. ಒಳಗೆ ಸಿಮ್, ಜಿಎಸ್‌ಎಂ ಮಾಡ್ಯೂಲ್ (ಮೊಬೈಲ್ ನೆಟ್‌ವರ್ಕ್ ಹಿಡಿಯುವ ಭಾಗ), ರಿಲೇ (ಕರೆಂಟನ್ನು ಕೂಡಿಸಿ ಕತ್ತರಿಸುವ ಸ್ವಿಚ್). ಮೆಸೇಜ್ ಬಂದರೆ ರಿಲೇ ಟಕ್ ಎನ್ನುತ್ತದೆ, ಕರೆಂಟು ಹರಿಯುತ್ತದೆ. ಇಂಟರ್ನೆಟ್ ಬೇಡ, ಆ್ಯಪ್ ಬೇಡ. ಮನೆಯಲ್ಲಿ ಒಳ್ಳೆಯ ನೆಟ್ ಇದ್ದು, ರೌಟರ್ ಯುಪಿಎಸ್ ಮೇಲೆ ಕೂತಿದ್ದರೆ ಇದನ್ನು ಕೊಳ್ಳಬೇಡಿ, ಅಗ್ಗದ ವೈ-ಫೈ ಪ್ಲಗ್ಗೇ ಸಾಕು. ಪಾಂಡವಪುರದ ಆಚೆ ತೋಟದ ಮನೆ, ಬ್ರಾಡ್‌ಬ್ಯಾಂಡ್ ಇಲ್ಲದ ಅಪ್ಪ–ಅಮ್ಮನ ಮನೆ, ತಿಂಗಳುಗಟ್ಟಲೆ ಬೀಗ ಹಾಕಿರುವ ಮನೆ: ಇಂಥ ಕಡೆ ಸಿಮ್ ಸಾಕೆಟ್ಟಿಗೆ ಬೆಲೆ.

ಕೊಳ್ಳುವಾಗ ನೋಡುವುದು

ಡಬ್ಬಿಯ ಮೇಲೆ 16 ಆಂಪ್ ಎಂದು ಬರೆದಿರುವುದನ್ನೇ ನಂಬಬೇಡಿ. ಒಳಗಿನ ರಿಲೇಗೆ ಹೀಟರಿನಂಥ ಲೋಡಿಗೆ ಒಂದು ಮಿತಿ, ಮೋಟರಿನಂಥ ಲೋಡಿಗೆ ಅದಕ್ಕಿಂತ ಬಹಳ ಕಡಿಮೆ ಮಿತಿ. 2 ಕಿಲೋವ್ಯಾಟ್ ಗೀಸರ್ 8.7 ಆಂಪ್ ಎಳೆಯುತ್ತದೆ, 3 ಕಿಲೋವ್ಯಾಟಿನದು 13 ಆಂಪ್. ಮೊದಲನೆಯದಕ್ಕೆ 16 ಆಂಪಿನ ಸಾಕೆಟ್ ನೆಮ್ಮದಿ, ಎರಡನೆಯದಕ್ಕೆ ಅಂಚಿನ ಮೇಲಿನ ನಡಿಗೆ. ಹೊರಗಿನಿಂದ ತರಿಸಿದವು ಚಪ್ಪಟೆ ಪಿನ್ನಿನವು. ಅವಕ್ಕೆ ಅಡಾಪ್ಟರ್ ಸಿಕ್ಕಿಸಿ ಗೀಸರ್ ಓಡಿಸಿದರೆ ಮೊದಲು ಕಾಯುವುದು ನೀರಲ್ಲ, ಅಡಾಪ್ಟರ್. ನಮ್ಮ ದುಂಡು ಪಿನ್ನಿನ 16 ಆಂಪ್ ಪ್ಲಗ್ಗಿನದನ್ನೇ ಹುಡುಕಿ.

ಸ್ನಾನದ ಮನೆಯೊಳಗೆ, ಗೀಸರಿನ ಪಕ್ಕದ ಸಾಕೆಟ್ಟಿಗೆ ಇದನ್ನು ಸಿಕ್ಕಿಸಬೇಡಿ. ಆವಿ ಹೋಗಿ ಬೋರ್ಡ್ ಹಾಳಾಗುತ್ತದೆ. ತೂಕಕ್ಕೆ ಡಬ್ಬಿ ಜೋತುಬಿದ್ದು ಪಿನ್ ಲೂಸ್ ಆಗಿ ಕಪ್ಪಾಗುತ್ತದೆ. ಅಂಥ ಕಡೆ ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲೇ ಕೂರುವ ಜಿಎಸ್‌ಎಂ ರಿಲೇ ಹಾಕಿಸಿ, ಅದರ ಆಂಟೆನಾವನ್ನು ಕಬ್ಬಿಣದ ಪೆಟ್ಟಿಗೆಯಿಂದ ಹೊರಗೆ ತೆಗೆಸಿ. ಪೆಟ್ಟಿಗೆಯೊಳಗೇ ಬಿಟ್ಟರೆ ಸಿಗ್ನಲ್ ಸಿಗುವುದಿಲ್ಲ.

ಸಿಮ್

ಈ ಸಾಕೆಟ್ಟುಗಳಲ್ಲಿ ಹೆಚ್ಚಿನವು 2ಜಿಯವು. ಜಿಯೋಗೆ 2ಜಿ ಇಲ್ಲ, ಆ ಸಿಮ್ ಹಾಕಿದರೆ ದೀಪ ಮಿನುಗುತ್ತಲೇ ಇರುತ್ತದೆ. ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ), ಬಿಎಸ್‌ಎನ್‌ಎಲ್ ಮೂರರಲ್ಲಿ ಆ ಜಾಗದಲ್ಲಿ ಯಾವುದು ಹಿಡಿಯುತ್ತದೋ ಅದನ್ನು ಹಾಕಿ. ಪರೀಕ್ಷಿಸಲು ಮೊಬೈಲಿನ ನೆಟ್‌ವರ್ಕ್ ಸೆಟ್ಟಿಂಗನ್ನು 2ಜಿ ಮಾತ್ರ ಎಂದು ಮಾಡಿ, ಸಾಕೆಟ್ ಕೂರುವ ಜಾಗದಲ್ಲೇ ಹಿಡಿದು ನೋಡಿ. 4ಜಿಯಲ್ಲಿ ನಾಲ್ಕು ಕಡ್ಡಿ ಇದ್ದರೂ ಇಲ್ಲಿ ಪ್ರಯೋಜನವಿಲ್ಲ.

ಸಿಮ್ಮನ್ನು ಮೊದಲು ಮೊಬೈಲಿಗೆ ಹಾಕಿ ಮೂರು ಕೆಲಸ ಮುಗಿಸಿ. ಸಿಮ್ ಪಿನ್ ಲಾಕ್ ತೆಗೆಯಿರಿ. ಸಿಮ್ಮಿನಲ್ಲಿ ಉಳಿದಿರುವ ಮೆಸೇಜುಗಳನ್ನೆಲ್ಲ ಅಳಿಸಿ. ಜಾಹೀರಾತು ಮೆಸೇಜ್ ನಿಲ್ಲಿಸಲು, ಇಂಗ್ಲಿಷ್ ಅಕ್ಷರಗಳಲ್ಲಿ ಸ್ಟಾರ್ಟ್ ಎಂದು ಬರೆದು ಜಾಗ ಬಿಟ್ಟು 0 ಹಾಕಿ 1909ಕ್ಕೆ ಕಳಿಸಿ. ಈ ಮೂರನೆಯದು ಸಣ್ಣ ವಿಷಯವಲ್ಲ: ಓದಿದ ಮೆಸೇಜನ್ನು ತಾನೇ ಅಳಿಸದ ಅಗ್ಗದ ಸಾಕೆಟ್ಟುಗಳಲ್ಲಿ ಸಿಮ್ಮಿನ ಜಾಗ ಜಾಹೀರಾತುಗಳಿಂದ ತುಂಬಿಹೋಗಿ, ನಿಮ್ಮ ಮೆಸೇಜಿಗೆ ಎಡೆ ಇರುವುದಿಲ್ಲ. ಎರಡು ತಿಂಗಳು ಚೆನ್ನಾಗಿ ಓಡಿ ಒಂದು ದಿನ ಸುಮ್ಮನಾದ ಸಾಕೆಟ್ಟಿನಲ್ಲಿ ಮೊದಲು ನೋಡಬೇಕಾದ್ದು ಇದು. ಎರಡನೆಯದು ರೀಚಾರ್ಜ್. ವ್ಯಾಲಿಡಿಟಿ ಮುಗಿದರೆ ಸಾಕೆಟ್ ಉತ್ತರ ಕಳಿಸಲಾಗದು, ಸ್ವಲ್ಪ ದಿನದಲ್ಲಿ ಬರುವ ಮೆಸೇಜೂ ನಿಲ್ಲಬಹುದು. ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2024ರ ಡಿಸೆಂಬರಿನಲ್ಲಿ ಮಾಡಿದ ನಿಯಮದ ನಂತರ ಡೇಟಾ ಇಲ್ಲದ, ಕರೆ–ಎಸ್ಸೆಮ್ಮೆಸ್ ಮಾತ್ರದ ಪ್ಯಾಕುಗಳು ಬಂದಿವೆ. ಇದಕ್ಕೆ ಅವೇ ಸರಿ.

ಜೋಡಿಸುವುದು

ಸಾಕೆಟ್ ಗೋಡೆಯಿಂದ ಹೊರಗಿದ್ದಾಗಲೇ ಸಿಮ್ ಹಾಕಿ. ನ್ಯಾನೋ ಸಿಮ್ಮಿಗೆ ಚೌಕಟ್ಟು ಕಟ್ಟಿ ದೊಡ್ಡ ಸ್ಲಾಟಿಗೆ ತೂರಿಸುವವರು ತೆಗೆಯುವಾಗ ಸ್ಲಾಟಿನ ಪಿನ್ನುಗಳನ್ನೇ ಕಿತ್ತುಕೊಂಡು ಬರುತ್ತಾರೆ. ಚೌಕಟ್ಟಿನ ಹಿಂದೆ ಒಂದು ತುಂಡು ಸೆಲೋಟೇಪ್ ಅಂಟಿಸಿ. ಈಗ ಉಪಕರಣ ಇಲ್ಲದೆ ಬರೀ ಸಾಕೆಟ್ಟಿಗೆ ಕರೆಂಟು ಕೊಡಿ. ಸಿಮ್800 ಜಾತಿಯ ಮಾಡ್ಯೂಲ್ ಇದ್ದರೆ ನೆಟ್‌ವರ್ಕ್ ಹುಡುಕುವಾಗ ದೀಪ ಸೆಕೆಂಡಿಗೊಮ್ಮೆ ಮಿನುಗುತ್ತದೆ, ಸಿಕ್ಕ ಮೇಲೆ 3 ಸೆಕೆಂಡಿಗೊಮ್ಮೆ. ಸಿಗ್ನಲ್ ಕೇಳುವ ಕಮಾಂಡ್ ಇದ್ದರೆ 0ಯಿಂದ 31ರವರೆಗಿನ ಒಂದು ಸಂಖ್ಯೆ ಬರುತ್ತದೆ. 10ಕ್ಕಿಂತ ಕೆಳಗಿದ್ದರೆ ಜಾಗ ಬದಲಿಸಿ.

ನಿಮ್ಮ ನಂಬರನ್ನು ಮಾಸ್ಟರ್ (ಸಾಕೆಟ್ ಮಾತು ಕೇಳುವ ನಂಬರ್) ಎಂದು ಸೇರಿಸುವಾಗ +91 ಸಮೇತ ಹಾಕಿ. ನೆಟ್‌ವರ್ಕ್ ನಿಮ್ಮ ನಂಬರನ್ನು ಸಾಕೆಟ್ಟಿಗೆ ತೋರಿಸುವುದು ಹಾಗೆಯೇ. ಮುಂದೆ 0 ಹಾಕಿದ್ದರೆ ಅದರ ಪಾಲಿಗೆ ನೀವು ಅಪರಿಚಿತರು. ಎರಡು ಸಿಮ್ಮಿನ ಮೊಬೈಲಿನವರು ಮೆಸೇಜ್ ಯಾವ ಸಿಮ್ಮಿನಿಂದ ಹೋಗುತ್ತಿದೆ ಎಂದು ನೋಡಿಕೊಳ್ಳಿ. 1234, 0000 ಎಂಬ ಕಾರ್ಖಾನೆಯ ಪಾಸ್‌ವರ್ಡನ್ನು ಅವತ್ತೇ ಬದಲಿಸಿ.

ಕಮಾಂಡಿನ ರೂಪ ಕಂಪನಿಗೊಂದು ತರಹ: ಕೆಲವಕ್ಕೆ ಪಾಸ್‌ವರ್ಡ್ ಮುಂದೆ, ಕೆಲವಕ್ಕೆ ಎರಡೂ ಕಡೆ # ಚಿಹ್ನೆ. ಆನ್, ಆಫ್, ಸ್ಥಿತಿ ಕೇಳುವುದು, ಇಷ್ಟು ನಿಮಿಷಕ್ಕೆ ತಾನೇ ಆಫ್ ಆಗುವುದು ಈ ನಾಲ್ಕನ್ನು ಕೈಪಿಡಿಯಿಂದ ಬರೆದುಕೊಂಡು ಮೊಬೈಲಿನಲ್ಲಿ ಉಳಿಸಿಡಿ, ಪ್ರತಿ ಸಲ ಟೈಪ್ ಮಾಡಬೇಡಿ. ಕೀಲಿಮಣೆ ತಾನಾಗಿ ಸೇರಿಸುವ ಒಂದು ಖಾಲಿ ಜಾಗ, ಸಣ್ಣಕ್ಷರವನ್ನು ದೊಡ್ಡದು ಮಾಡುವ ಚಾಳಿ, ಇಷ್ಟಕ್ಕೇ ಕಮಾಂಡ್ ಕೆಡುತ್ತದೆ. ಒಂದೇ ಒಂದು ಕನ್ನಡ ಅಕ್ಷರ ನುಸುಳಿದರೂ ಇಡೀ ಮೆಸೇಜ್ ಯೂನಿಕೋಡ್ ಆಗಿ ಹೋಗುತ್ತದೆ, ಸಾಕೆಟ್ಟಿಗೆ ಅದು ಅರ್ಥವಾಗದು.

ಹಳೇ ಮನೆಗಳಲ್ಲಿ ಇನ್ನೊಂದು ಪರೀಕ್ಷೆ. ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಮೇಲಿನ ದೊಡ್ಡ ತೂತು ಅರ್ತ್, ಬಲಗಡೆಯದು ಫೇಸು, ಎಡಗಡೆಯದು ನ್ಯೂಟ್ರಲ್. ಟೆಸ್ಟರ್ ಬಲಗಡೆ ಉರಿಯಬೇಕು. ಎಡಗಡೆ ಉರಿದರೆ ವೈರಿಂಗ್ ತಿರುಗಿದೆ. ಆಗ ರಿಲೇ ಕತ್ತರಿಸುವುದು ನ್ಯೂಟ್ರಲನ್ನು. ಸಾಕೆಟ್ ಆಫ್ ಎಂದರೂ ಗೀಸರಿನೊಳಗೆ ಫೇಸು ಹಾಗೇ ನಿಂತಿರುತ್ತದೆ. ವೈರ್‌ಮನ್ ಕರೆಸಿ ಸರಿ ಮಾಡಿಸಿಯೇ ಮುಂದಿನ ಮಾತು.

ಹಳಸಿದ ಮೆಸೇಜ್

ಈ ಸಾಕೆಟ್ಟಿನಲ್ಲಿ ನಿಜಕ್ಕೂ ತಿಳಿದಿರಬೇಕಾದ್ದು ಇದು. ಸ್ವಿಚ್‌ಆಫ್ ಆಗಿದ್ದ ಮೊಬೈಲ್ ಆನ್ ಮಾಡಿದಾಗ ಹಳೇ ಮೆಸೇಜುಗಳು ಒಟ್ಟಿಗೆ ಸುರಿಯುತ್ತವಲ್ಲ, ಸಾಕೆಟ್ಟಿನಲ್ಲೂ ಹಾಗೇ. ಬೆಳಿಗ್ಗೆ 6ಕ್ಕೆ ಆನ್ ಎಂದು ಕಳಿಸಿದಿರಿ, ಊರಲ್ಲಿ ಕರೆಂಟಿಲ್ಲ. ಒಲೆಯಲ್ಲಿ ನೀರು ಕಾಯಿಸಿಕೊಂಡು ಸ್ನಾನ ಮುಗಿಸಿ ಎಲ್ಲರೂ ಹೊರಟರು. 11ಕ್ಕೆ ಕರೆಂಟು ಬಂತು, ಸಾಕೆಟ್ ಟವರ್ ಹಿಡಿಯಿತು, ಕಾದಿದ್ದ ಮೆಸೇಜ್ ಬಂದು ಬಿತ್ತು. ಯಾರೂ ಇಲ್ಲದ ಮನೆಯಲ್ಲಿ ಗೀಸರ್ ಉರಿಯತೊಡಗಿತು. ಸಾಕೆಟ್ ಕೆಟ್ಟಿಲ್ಲ, ಹೇಳಿದ್ದನ್ನೇ ಮಾಡಿದೆ.

ಆದ್ದರಿಂದ ಬರೀ ಆನ್ ಕಮಾಂಡನ್ನು ಬಳಸಲೇಬೇಡಿ. 30 ನಿಮಿಷಕ್ಕೆ ತಾನೇ ಆಫ್ ಆಗುವ ಕಮಾಂಡನ್ನೇ ಕಳಿಸಿ. ಆ ಸೌಲಭ್ಯ ಇಲ್ಲದ ಸಾಕೆಟ್ ಗೀಸರಿಗೆ ಬೇಡ. ಡೆಲಿವರಿ ರಿಪೋರ್ಟ್ ಹೇಳುವುದು ಮೆಸೇಜ್ ಸಿಮ್ಮಿಗೆ ತಲುಪಿತು ಎಂದಷ್ಟೇ, ರಿಲೇ ಎಳೆಯಿತು ಎಂದಲ್ಲ. ಸಾಕೆಟ್ಟಿನಿಂದಲೇ ಉತ್ತರ ಬಂದರೆ ಮಾತ್ರ ಕೆಲಸ ಆಯಿತೆಂದು ಲೆಕ್ಕ. ಉತ್ತರ ಬಾರದಿದ್ದರೆ ಆಫ್ ಕಳಿಸಿ, ಆದರೆ ಎರಡೂ ಸಾಲಿನಲ್ಲಿ ನಿಂತು ಹಿಂದುಮುಂದಾಗಿ ತಲುಪಬಹುದು. ಕರೆಂಟು ಬಂದ ಮೇಲೆ ಒಮ್ಮೆ ಸ್ಥಿತಿ ಕೇಳಿ. ಮಿಸ್ಡ್ ಕಾಲ್ ಕೊಟ್ಟರೆ ಆನ್, ಮತ್ತೆ ಕೊಟ್ಟರೆ ಆಫ್ ಎಂಬ ಸೌಲಭ್ಯ ಪುಕ್ಕಟೆ ಎನ್ನುವುದು ನಿಜ, ಆದರೆ ಈಗ ಯಾವುದು ಎಂದು ನಿಮಗೆ ಗೊತ್ತಿರುವುದಿಲ್ಲ.

ಕರೆಂಟು ಹೋಗಿ ಬಂದಾಗ ಏನಾಗಬೇಕು ಎಂಬ ಸೆಟ್ಟಿಂಗ್ ಬೇರೆ. ಗೀಸರ್, ಮೋಟರಿಗೆ ‘ಆಫ್’ ಆಗಿಯೇ ಏಳಲಿ. ಗೇಟಿನ ದೀಪಕ್ಕೆ, ರೌಟರಿಗೆ ಮೊದಲಿದ್ದ ಸ್ಥಿತಿಗೆ ಮರಳುವುದು ಸರಿ.

ಯಾವುದಕ್ಕೆ, ಯಾವುದಕ್ಕಲ್ಲ

ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಹೀಟರಿಗೆ ಯಾವ ಕಾರಣಕ್ಕೂ ಬೇಡ: ನೀರಿಲ್ಲದ ಬಕೆಟ್ಟಿನಲ್ಲಿ ಉರಿದರೆ ಪ್ಲಾಸ್ಟಿಕ್ಕಿಗೆ ಬೆಂಕಿ, ನೀರಿದ್ದಾಗ ಯಾರಾದರೂ ಕೈ ಹಾಕಿದರೆ ಜೀವಕ್ಕೆ ಅಪಾಯ. ಇಸ್ತ್ರಿಪೆಟ್ಟಿಗೆ, ಕರೆಂಟ್ ಒಲೆ ಇದೇ ಸಾಲಿನವು. ಏಸಿಯನ್ನು ಸಾಕೆಟ್ಟಿನಿಂದ ಆನ್ ಮಾಡಿದರೆ ಎಷ್ಟೋ ಮಾಡೆಲುಗಳು ರಿಮೋಟ್ ಒತ್ತುವವರೆಗೆ ಸುಮ್ಮನೇ ಕೂರುತ್ತವೆ. ಫ್ರಿಜ್ಜನ್ನು ಆಫ್ ಮಾಡಿ ತಕ್ಷಣ ಆನ್ ಮಾಡಬೇಡಿ, 5 ನಿಮಿಷ ಬಿಡಿ.

ಸೋಲಾರ್ ನೀರಿನ ಟ್ಯಾಂಕಿನ ಬ್ಯಾಕಪ್ ಕಾಯಿಲ್‌ಗೆ ಇದು ಹೇಳಿ ಮಾಡಿಸಿದ್ದು. ಮೋಡದ ದಿನ ಹಾಕಿ ಮರೆತು ರಾತ್ರಿಯಿಡೀ ಉರಿಸುವ ಮನೆಗಳು ಕಡಿಮೆಯಿಲ್ಲ. ಟ್ಯಾಂಕಿಗೆ ನೀರು ಬರುತ್ತಿದೆಯೇ ಎಂಬುದು ಮಾತ್ರ ಖಚಿತವಿರಲಿ, ಒಣ ಟ್ಯಾಂಕಿನಲ್ಲಿ ಕಾಯಿಲ್ ಸುಡುತ್ತದೆ.

ಉಷ್ಣತೆಯ ಸೆನ್ಸರ್ ಇರುವ ಸಾಕೆಟ್ ರೇಷ್ಮೆಯ ಮರಿಹುಳು ಸಾಕುವ ಚಾಕಿ ಮನೆಯ ಹೀಟರಿಗೂ ಆಗುತ್ತದೆ. ಚಾಕಿಗೆ 27–28 ಡಿಗ್ರಿ ಬೇಕು. 27ಕ್ಕೆ ಆನ್, 28ಕ್ಕೆ ಆಫ್ ಎಂದು ಒಂದು ಡಿಗ್ರಿ ಅಂತರ ಇಡಿ. ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟರೆ ರಿಲೇ ಟಕಟಕ ಎಂದು ಬಡಿದುಕೊಂಡೇ ಸಾಯುತ್ತದೆ. ಸೆನ್ಸರ್ ಹೀಟರಿನ ಹತ್ತಿರ ಬೇಡ, ತಟ್ಟೆಯ ಎತ್ತರಕ್ಕೆ ಇರಲಿ. ಕರೆಂಟು ಹೋದ ಸುದ್ದಿ ಮೆಸೇಜಾಗಿ ಬರಬೇಕೆಂದರೆ ಒಳಗೆ ಬ್ಯಾಟರಿ ಇರುವ ಮಾಡೆಲ್ ಕೊಳ್ಳಿ.

ಸಂಪಿನ ಮೋಟರ್

ಮೋಟರನ್ನು ನೇರವಾಗಿ ಈ ಸಾಕೆಟ್ಟಿಗೆ ಸಿಕ್ಕಿಸಬೇಡಿ. ಶುರುವಾಗುವಾಗ ಅದು ಎಂದಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ರಿಲೇಯ ಪಾಯಿಂಟುಗಳು ಅಂಟಿಕೊಳ್ಳುತ್ತವೆ. ಆಮೇಲೆ ಆಫ್ ಎಂದರೂ ಮೋಟರ್ ನಿಲ್ಲದು, ಸಾಕೆಟ್ ಮಾತ್ರ ‘ಆಫ್ ಆಗಿದೆ’ ಎಂದು ಉತ್ತರ ಕಳಿಸುತ್ತದೆ. ನಡುವೆ ಕಾಂಟ್ಯಾಕ್ಟರ್ (ಮೋಟರಿನ ಭಾರ ಹೊರುವ ದೊಡ್ಡ ರಿಲೇ) ಹಾಕಿಸಿ. 1 ಎಚ್‌ಪಿ ಸಿಂಗಲ್ ಫೇಸಿಗೆ 230 ವೋಲ್ಟ್ ಕಾಯಿಲ್ಲಿನ, 18 ಆಂಪ್ ಎಸಿ-3 (ಮೋಟರ್ ಲೋಡಿನ ದರ್ಜೆ) ಕಾಂಟ್ಯಾಕ್ಟರ್ ಧಾರಾಳ. ಸಾಕೆಟ್ಟಿನ ಔಟ್‌ಪುಟ್ ಕಾಂಟ್ಯಾಕ್ಟರಿನ ಕಾಯಿಲ್ಲಿನ ತುದಿಗಳಾದ ಎ1, ಎ2ಗೆ ಮಾತ್ರ ಹೋಗುತ್ತದೆ. ಮೋಟರಿನ ಫೇಸು, ನ್ಯೂಟ್ರಲ್ ಎಂಸಿಬಿಯಿಂದ ಬಂದು ಮುಖ್ಯ ಪಾಯಿಂಟುಗಳ ಮೂಲಕ ಹಾಯುತ್ತವೆ. ಓವರ್‌ಲೋಡ್ ರಿಲೇಯ (ಮೋಟರ್ ಮಿತಿ ಮೀರಿ ಕರೆಂಟು ಎಳೆದರೆ ಕತ್ತರಿಸುವುದು) 95–96 ಪಾಯಿಂಟು, ಸಂಪಿನ ಫ್ಲೋಟ್ ಸ್ವಿಚ್ (ನೀರಿನ ಮಟ್ಟ ನೋಡಿ ಆನ್–ಆಫ್ ಆಗುವುದು), ಮೇಲಿನ ಟ್ಯಾಂಕಿನ ಫ್ಲೋಟ್ ಸ್ವಿಚ್ ಮೂರನ್ನೂ ಎ1ರ ದಾರಿಯಲ್ಲಿ ಸಾಲಾಗಿ ಕೂರಿಸಿದರೆ, ಸಂಪು ಬರಿದಾದರೂ ಟ್ಯಾಂಕ್ ತುಂಬಿದರೂ ಮೋಟರ್ ತಾನೇ ನಿಲ್ಲುತ್ತದೆ. ಟ್ಯಾಂಕ್ ತುಂಬಲು ಎಷ್ಟು ಹೊತ್ತೆಂದು ಗಡಿಯಾರ ಹಿಡಿದು ಅಳೆದು, ಅದಕ್ಕೆ 5 ನಿಮಿಷ ಸೇರಿಸಿ ಆಫ್ ಟೈಮರ್ ಇಡಿ.

ಗದ್ದೆಯ ತ್ರೀ ಫೇಸ್ ಪಂಪ್‌ಸೆಟ್ಟಿಗೆ ಸಾಕೆಟ್ಟಲ್ಲ, ಮೊಬೈಲ್ ಸ್ಟಾರ್ಟರ್ (ಸಿಮ್ ಇರುವ ಮೋಟರ್ ಸ್ಟಾರ್ಟರ್) ಬೇಕು. ಒಂದು ಫೇಸು ಹೋದರೆ ನಿಲ್ಲಿಸುವುದು, ನೀರಿಲ್ಲದೆ ಓಡಿದರೆ ನಿಲ್ಲಿಸುವುದು ಎರಡೂ ಅದರಲ್ಲಿರಬೇಕು. ಕರೆಂಟು ಬಂದಾಗ ತಾನೇ ಶುರುವಾಗುವ ‘ಆಟೋ’ ಇಟ್ಟರೆ, ಶುರುವಾಗುವ ಸಮಯವನ್ನು ಪಕ್ಕದ ಜಮೀನಿನವರದಕ್ಕಿಂತ ಕೆಲವು ನಿಮಿಷ ಹಿಂದೆ ಮುಂದೆ ಮಾಡಿಕೊಳ್ಳಿ. ತ್ರೀ ಫೇಸ್ ಬಂದ ಕ್ಷಣಕ್ಕೆ ಹತ್ತು ಮೋಟರ್ ಒಟ್ಟಿಗೆ ಎದ್ದರೆ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಫ್ಯೂಸ್ ಹೋಗುತ್ತದೆ, ಆಮೇಲೆ ಯಾರ ಮೆಸೇಜೂ ಕೆಲಸಕ್ಕೆ ಬರುವುದಿಲ್ಲ.