ನೆಲಸೀತಾಳೆಯ ಗೆಡ್ಡೆ ಕೊಳೆಯುವುದನ್ನು ನಿಲ್ಲಿಸಿದ್ದು: ನನ್ನ ಅನುಭವ

ಚಿತ್ರದುರ್ಗದ ನಮ್ಮ ಹಿತ್ತಲಿನಲ್ಲಿ ಹೆಬನೇರಿಯಾ ಎಂಬ ನೆಲಸೀತಾಳೆಯ (ನೆಲದಲ್ಲಿ ಬೆಳೆಯುವ ಆರ್ಕಿಡ್‌ನ) ಬೀಜವನ್ನು ಮಣ್ಣಿಗೆ ಚೆಲ್ಲಿ 2 ಮಳೆಗಾಲ ಕಾದರೂ ಒಂದೂ ಮೊಳೆಯಲಿಲ್ಲ. ಧೂಳಿನಷ್ಟು ಸಣ್ಣದಾದ ಆ ಬೀಜದಲ್ಲಿ ಆಹಾರದ ದಾಸ್ತಾನು ಇರುವುದಿಲ್ಲವಾದ್ದರಿಂದ, ಕಾಡಿನಲ್ಲಿ ಮಣ್ಣಿನ ಶಿಲೀಂಧ್ರವೇ ಅದನ್ನು ಪೋಷಿಸುತ್ತದೆ. ಆಮೇಲೆ ಬ್ಲೀಚ್ ದ್ರಾವಣದಲ್ಲಿ ಶುದ್ಧಗೊಳಿಸಿದ ಬೀಜವನ್ನು ಸಕ್ಕರೆ ಬೆರೆತ, ಲವಣಾಂಶ ಕಡಿಮೆಯಿರುವ ಅಗರ್ (ಕಡಲಪಾಚಿಯಿಂದ ಮಾಡುವ ಜೆಲ್ಲಿ) ಮೇಲೆ ಬಿತ್ತಿ, ಬಾಟಲಿಗಳನ್ನು ಕತ್ತಲಲ್ಲಿಟ್ಟಾಗ ಮೊಳಕೆ ಕಂಡಿತು. ಆದರೆ ಕುಂಡಕ್ಕೆ ಬಂದ ಸಸಿಗಳ ಗೆಡ್ಡೆಗಳಲ್ಲಿ ಹೆಚ್ಚಿನವು ಮೊದಲ ಬೇಸಿಗೆಯಲ್ಲೇ ಕೊಳೆತವು. ಎಲೆ ಒಣಗಿದ್ದು ಗೆಡ್ಡೆ ವಿಶ್ರಾಂತಿಗೆ ಹೋಗುವ ಗುರುತೆಂದು ಅರಿಯದೆ, ಬಾಯಾರಿಕೆಯೆಂದು ತಿಳಿದು ನಾನು ನೀರೆರೆದದ್ದೇ ಕಾರಣ, ಆ ನೋವು ಇನ್ನೂ ಇದೆ. ಉಳಿದವುಗಳಿಗೆ, ಎಲೆ ಹಳದಿಯಾದೊಡನೆ ನೀರು ನಿಲ್ಲಿಸಿ, ಮರಳು ಬೆರೆತ ಒಣ ಮಣ್ಣಿನಲ್ಲೇ ನೆರಳಿಗಿಟ್ಟು, ಜೂನ್‌ನಲ್ಲಿ ಚಿಗುರು ಕಂಡ ಮೇಲಷ್ಟೇ ನೀರು ಕೊಟ್ಟೆ. 4ನೆಯ ಮಳೆಗಾಲದಲ್ಲಿ ಒಂದು ಗಿಡದಲ್ಲಿ ಬಿಳಿಯ ಹೂ ಅರಳಿತು.